ಉಪ್ಪು ಕರಗುವುದು ಎರಡು ಬಗೆ

ಪ್ರಶ್ನೆ: ತಾಮ್ರವನ್ನು ನೀರಿನ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಶುದ್ಧಮಾಡುತ್ತಾರೆ, ಅಲ್ಯೂಮಿನಿಯಂ ಮತ್ತು ಸೋಡಿಯಂಗೆ ಮಾತ್ರ ಕರಗಿದ ಉಪ್ಪು ಬೇಕು ಎಂದು ನಮ್ಮ ಪಠ್ಯದಲ್ಲಿದೆ. ಉಪ್ಪು ನೀರಿನಲ್ಲೂ ಕರಗುತ್ತದಲ್ಲ? ಅಷ್ಟು ಬಿಸಿಮಾಡುವ ಖರ್ಚು ಯಾಕೆ? ಇನ್ನೊಂದು ಸಂಶಯ: ಒಂದೇ ಪಾತ್ರೆಯಲ್ಲಿ ನಾಲ್ಕಾರು ಲೋಹಗಳಿದ್ದರೆ ವಿದ್ಯುತ್ತು ನಮಗೆ ಬೇಕಾದದ್ದನ್ನೇ ಆರಿಸಿಕೊಡುವುದು ಹೇಗೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ನಿಮ್ಮ ಗೊಂದಲದಲ್ಲಿ ಅರ್ಧ ಪಾಲು ನಮ್ಮ ಭಾಷೆಯದು. ಸಕ್ಕರೆ ಕಾಫಿಯಲ್ಲಿ ಕರಗುತ್ತದೆ ಎನ್ನುತ್ತೇವೆ, ಬೆಣ್ಣೆ ಬಾಣಲೆಯಲ್ಲಿ ಕರಗುತ್ತದೆ ಎಂದೂ ಎನ್ನುತ್ತೇವೆ. ಪದ ಒಂದೇ, ಕೆಲಸ ಎರಡು. ಸಕ್ಕರೆ ಕರಗಲು ನೀರು ಬೇಕು, ಬೆಣ್ಣೆ ಕರಗಲು ಬಿಸಿ ಸಾಕು. ಅಡುಗೆ ಉಪ್ಪು ಈ ಎರಡೂ ಬಗೆಯಲ್ಲಿ ಕರಗುತ್ತದೆ. ಲೋಟದ ನೀರಿಗೆ ಹಾಕಿದರೆ ಸಕ್ಕರೆಯಂತೆ, 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬೆಣ್ಣೆಯಂತೆ. ಹಾಗೆ ಬೆಣ್ಣೆಯಂತೆ ಕರಗಿದ ಉಪ್ಪು ನೋಡಲು ನೀರಿನಷ್ಟೇ ತಿಳಿ, ಆದರೆ ಅದರಲ್ಲಿ ನೀರಿನ ಒಂದು ಹನಿಯೂ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ‘ಇಲ್ಲ’ದಲ್ಲೇ.

ಮೊದಲು ನೀರಿನಲ್ಲಿ ಏನಾಗುತ್ತದೆ ಎಂದು ಕಣ್ಣಾರೆ ನೋಡೋಣ. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಹಾಕಿ, ಒಂದು ಚಿಟಿಕೆ ಅರಿಶಿನ ಕಲಕಿ. ಎರಡು ಪೆನ್ಸಿಲ್ಲುಗಳ ಎರಡೂ ತುದಿ ಕೆತ್ತಿ, ಒಂಬತ್ತು ವೋಲ್ಟಿನ ಬ್ಯಾಟರಿಗೆ ವೈರಿನಿಂದ ಜೋಡಿಸಿ, ಕೆಳಗಿನ ತುದಿಗಳು ಒಂದಕ್ಕೊಂದು ತಾಗದಂತೆ ನೀರಿಗೆ ಇಳಿಬಿಡಿ. ಕಿಟಕಿ ತೆರೆದಿರಲಿ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ. ಎರಡೂ ಕಡೆ ಗುಳ್ಳೆ ಏಳುತ್ತವೆ. ಧನಧ್ರುವದ ಬಳಿ ಈಜುಕೊಳದ ವಾಸನೆ ಬರುತ್ತದೆ, ಅದು ಕ್ಲೋರಿನ್. ಋಣಧ್ರುವದ ಸುತ್ತ ಅರಿಶಿನ ನೀರು ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿಗೆ ಸುಣ್ಣ ಹಾಕಿದಾಗ ಬರುವ ಕೆಂಪೇ ಇದು. ಅಲ್ಲಿ ಕ್ಷಾರ ಹುಟ್ಟಿದೆ ಎಂದು ಅರಿಶಿನ ಹೇಳುತ್ತಿದೆ.

ಈ ಕೆಂಪು ಬಣ್ಣದಲ್ಲಿ ಒಂದು ಕಥೆಯಿದೆ. ಉಪ್ಪಿನ ಸೋಡಿಯಂ ಅಯಾನುಗಳು ಋಣಧ್ರುವದ ಬಳಿಗೆ ಬಂದದ್ದು ನಿಜ. ಆದರೆ ಅವು ಲೋಹವಾಗಲಿಲ್ಲ. ಅವುಗಳಿಗೆ ಸಿಗಬೇಕಿದ್ದ ಎಲೆಕ್ಟ್ರಾನುಗಳನ್ನು ನೀರಿನ ಹೈಡ್ರೋಜನ್ ತಿಂದು, ಗುಳ್ಳೆಯಾಗಿ ಹಾರಿಹೋಯಿತು. ಬರಿಗೈಯಲ್ಲಿ ನಿಂತ ಸೋಡಿಯಂ, ನೀರಿನ ಉಳಿದ ಭಾಗದ ಜೊತೆಗೂಡಿ ಕಾಸ್ಟಿಕ್ ಸೋಡಾ ಆಯಿತು. ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಪೆನ್ಸಿಲ್ಲಿನ ಈ ಲೋಟದಲ್ಲಿ ಸೋಡಿಯಂ ಲೋಹ ಸಿಗುವುದಿಲ್ಲ.

ಈಗ ಉಪ್ಪಿನ ಬದಲು ಮೈಲುತುತ್ತ ಹಾಕಿ. ಮಲೆನಾಡಿನಲ್ಲಿ ನೆಂಟರಿದ್ದರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ತಂದಿಟ್ಟ ನೀಲಿ ಹರಳು ಒಂದಿಷ್ಟು ಸಿಕ್ಕೀತು. ಅದು ತಾಮ್ರದ ಸಲ್ಫೇಟ್, ವಿಷ, ಹಾಗಾಗಿ ಈ ಲೋಟವನ್ನು ಅಡುಗೆಮನೆಗೆ ಮರಳಿಸಬೇಡಿ. ಋಣಧ್ರುವದ ಪೆನ್ಸಿಲ್ ತುದಿ ಕೆಲವೇ ನಿಮಿಷದಲ್ಲಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಅದು ಅಪ್ಪಟ ತಾಮ್ರ. ಅದೇ ನೀರು, ಅದೇ ಬ್ಯಾಟರಿ. ತಾಮ್ರ ಬಂತು, ಸೋಡಿಯಂ ಬರಲಿಲ್ಲ.

ಎಲೆಕ್ಟ್ರಾನಿನ ಪಂಕ್ತಿ

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಋಣಧ್ರುವ ಬಡಿಸುವವನು, ಬಡಿಸುತ್ತಿರುವುದು ಎಲೆಕ್ಟ್ರಾನು, ಎಲೆಯ ಮುಂದೆ ಕೂತವು ಅಯಾನುಗಳು. ಬಡಿಸುವವನು ಸಾಲಿನ ತುದಿಯಿಂದಲೇ ಶುರುಮಾಡುತ್ತಾನೆ. ಎಲೆಕ್ಟ್ರಾನನ್ನು ಸುಲಭವಾಗಿ ಒಪ್ಪಿಕೊಳ್ಳುವವರಿಗೆ ಮೊದಲು, ಬೇಡಬೇಡ ಎನ್ನುವವರಿಗೆ ಕೊನೆಗೆ. ಬೆಳ್ಳಿ, ತಾಮ್ರ ಸಾಲಿನ ಆರಂಭದಲ್ಲಿ. ಅನಂತರ ಹೈಡ್ರೋಜನ್. ಆಮೇಲೆ ಕಬ್ಬಿಣ, ಸತು. ತುಂಬ ದೂರದಲ್ಲಿ ಅಲ್ಯೂಮಿನಿಯಂ, ಮ್ಯಾಗ್ನೀಸಿಯಂ, ಸೋಡಿಯಂ, ಕೊನೆಯ ಮೂಲೆಯಲ್ಲಿ ಲಿಥಿಯಂ. ಪುಸ್ತಕದಲ್ಲಿ ಈ ಸಾಲನ್ನು ವೋಲ್ಟುಗಳಲ್ಲಿ ಬರೆದಿರುತ್ತಾರೆ: ತಾಮ್ರ +0.34, ಹೈಡ್ರೋಜನ್ 0, ಅಲ್ಯೂಮಿನಿಯಂ −1.66, ಸೋಡಿಯಂ −2.71, ಲಿಥಿಯಂ −3.04.

ನೀರಿನ ದ್ರಾವಣದಲ್ಲಿ ಹೈಡ್ರೋಜನ್ನಿನ ನೆಂಟರಿಗೆ ಲೆಕ್ಕವೇ ಇಲ್ಲ, ಪಾತ್ರೆಯ ತುಂಬ ಅವರೇ. ಅವರ ಹಿಂದೆ ಕೂತ ಅಲ್ಯೂಮಿನಿಯಂವರೆಗೆ ಬಡಿಸುವವನು ತಲುಪುವುದೇ ಇಲ್ಲ. ಆದರೆ ಸತು ಈ ನಿಯಮಕ್ಕೆ ಚಳ್ಳೆಹಣ್ಣು ತಿನ್ನಿಸುತ್ತದೆ. ಸತುವಿನ ಮೇಲ್ಮೈಯಲ್ಲಿ ಹೈಡ್ರೋಜನ್ ಗುಳ್ಳೆ ಕಟ್ಟುವುದು ಬಹಳ ನಿಧಾನ. ಆ ನಿಧಾನದ ಸಂದಿನಲ್ಲಿ ಸತು ನುಸುಳಿ ಪಾಲು ಪಡೆಯುತ್ತದೆ. ಅಲ್ಯೂಮಿನಿಯಂ ಕೂತಿರುವಷ್ಟು ದೂರಕ್ಕೆ ಈ ಉಪಾಯ ಎಟುಕದು.

ಹಾಗಾದರೆ ದಾರಿ ಯಾವುದು? ಹೈಡ್ರೋಜನ್ನಿಗೆ ಪಂಕ್ತಿಯಲ್ಲಿ ಎಲೆಯನ್ನೇ ಹಾಕಬಾರದು. ಅಂದರೆ ನೀರೇ ಇರಬಾರದು. ಆದರೂ ಅಯಾನುಗಳು ಓಡಾಡಬೇಕು, ಅದಕ್ಕೆ ದ್ರವ ಬೇಕು. ನೀರಿಲ್ಲದ, ಅಯಾನುಗಳೇ ತುಂಬಿದ ದ್ರವ ಎಂದರೆ ಬೆಣ್ಣೆಯಂತೆ ಕರಗಿದ ಉಪ್ಪು. ಪೂರ್ತಿ ವಿಷಯದ ತಿರುಳು ಇಷ್ಟೇ: ನಮಗೆ ಬೇಕಾದ ಲೋಹದ ಮುಂದೆ ಪಂಕ್ತಿಯಲ್ಲಿ ಯಾರೂ ಕೂತಿರಬಾರದು, ಹಿಂದೆ ಯಾರಿದ್ದರೂ ಚಿಂತೆಯಿಲ್ಲ. ಉಪ್ಪನ್ನು ಆರಿಸುವ ಜಾಣತನವೆಲ್ಲ ಈ ಒಂದು ನಿಯಮದ ಸುತ್ತಲೇ ಇದೆ.

ಡೇವಿ ಕುಣಿದ ದಿನ

ನೀವು ಕೇಳಿದ ಪ್ರಶ್ನೆಯನ್ನು ಎರಡು ಶತಮಾನದ ಹಿಂದೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಪ್ರಯೋಗವಾಗಿಯೇ ಕೇಳಿದ್ದ. ಪೊಟ್ಯಾಶ್ ಎಂಬ ಕ್ಷಾರದೊಳಗೆ ಯಾವುದೋ ಹೊಸ ಧಾತು ಅಡಗಿದೆ ಎಂಬ ಗುಮಾನಿ ಅವನಿಗಿತ್ತು. ಮೊದಲು ಪೊಟ್ಯಾಶನ್ನು ನೀರಿನಲ್ಲಿ ಕರಗಿಸಿ, ತನ್ನ ಬಲವಾದ ಬ್ಯಾಟರಿಗಳಿಂದ ವಿದ್ಯುತ್ ಹಾಯಿಸಿದ. ಸಿಕ್ಕಿದ್ದು ನಿಮ್ಮ ಲೋಟದಲ್ಲಿ ಕಂಡ ಹೈಡ್ರೋಜನ್ ಮತ್ತು ಅದರ ಜೊತೆಗೆ ಆಕ್ಸಿಜನ್, ಬೇರೇನೂ ಇಲ್ಲ. ನೀರು ಒಡೆಯಿತು, ಪೊಟ್ಯಾಶ್ ಹಾಗೇ ಉಳಿಯಿತು. ನೀರನ್ನು ಬಿಟ್ಟು ಒಣ ಪೊಟ್ಯಾಶ್ ಇಟ್ಟರೆ ವಿದ್ಯುತ್ತೇ ಹರಿಯಲೊಲ್ಲದು, ಯಾಕೆಂದರೆ ಗಟ್ಟಿ ಹರಳಿನೊಳಗೆ ಅಯಾನುಗಳಿಗೆ ಕದಲಲು ಜಾಗವಿಲ್ಲ.

1807ರ ಅಕ್ಟೋಬರ್ 6ರಂದು ಅವನು ಎರಡರ ನಡುವಿನ ದಾರಿ ಹಿಡಿದ. ಪೊಟ್ಯಾಶಿನ ತುಣುಕನ್ನು ಸ್ವಲ್ಪ ಹೊತ್ತು ಗಾಳಿಗೆ ಒಡ್ಡಿದ, ಮೇಲ್ಮೈ ಮಾತ್ರ ತೇವ ಹೀರಿ ವಿದ್ಯುತ್ ಹರಿಯಲು ದಾರಿ ಬಿಟ್ಟಿತು. ವಿದ್ಯುತ್ ಹರಿದ ಬಿಸಿಗೆ ಪೊಟ್ಯಾಶ್ ತಾನೇ ಕರಗತೊಡಗಿತು. ಋಣಧ್ರುವದ ಬಳಿ ಪಾದರಸದಂಥ ಹೊಳೆಯುವ ಸಣ್ಣ ಗುಂಡುಗಳು ಮೂಡಿದವು. ಕೆಲವು ಸಿಡಿದು ಉರಿದವು, ಕೆಲವು ಕ್ಷಣದಲ್ಲಿ ಮಂಕಾದವು. ಅದೇ ಪೊಟ್ಯಾಸಿಯಂ. ಆ ಗುಂಡುಗಳು ಹೊರಬಂದು ಬೆಂಕಿ ಹೊತ್ತಿದ್ದನ್ನು ನೋಡಿ ಡೇವಿ ಖುಷಿ ತಡೆಯಲಾರದೆ ಕೋಣೆಯೆಲ್ಲ ಕುಣಿದಾಡಿದ ಎಂದು ಸಹಾಯಕನಾಗಿದ್ದ ಅವನ ಸೋದರಸಂಬಂಧಿ ಎಡ್ಮಂಡ್ ಡೇವಿ ಹೇಳಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ಅದೇ ದಾರಿಯಲ್ಲಿ ಹೊರಬಂತು. ನೀರಿನಲ್ಲಿ ಮುಚ್ಚಿದ್ದ ಬಾಗಿಲು ಕರಗಿದ ಕ್ಷಾರದಲ್ಲಿ ತೆರೆದಿತ್ತು.

ಇದಾದ ಕಾಲು ಶತಮಾನಕ್ಕೆ ಅದೇ ಸಂಸ್ಥೆಯಲ್ಲಿ, ಡೇವಿಯ ಸಹಾಯಕನಾಗಿ ಬೆಳೆದ ಮೈಕೆಲ್ ಫ್ಯಾರಡೆ ಲೆಕ್ಕ ಹಾಕಿಕೊಟ್ಟ. ಎಷ್ಟು ವಿದ್ಯುತ್ ಹರಿಯಿತೋ ಅಷ್ಟಕ್ಕೆ ತಕ್ಕಷ್ಟೇ ಲೋಹ, ಒಂದು ಗುಂಜಿ ಹೆಚ್ಚಿಲ್ಲ. ಆನೋಡ್, ಕ್ಯಾಥೋಡ್ ಎಂಬ ಪದಗಳೂ ಅವನ ಕಾಲದವೇ. ಸೋಡಿಯಂನ ಪ್ರತಿ ಅಯಾನಿಗೆ ಒಂದು ಎಲೆಕ್ಟ್ರಾನ್, ತಾಮ್ರಕ್ಕೆ ಎರಡು, ಅಲ್ಯೂಮಿನಿಯಂಗೆ ಮೂರು. ಅಲ್ಯೂಮಿನಿಯಂ ಯಾಕೆ ವಿದ್ಯುತ್ತಿನ ಹೊಟ್ಟೆಬಾಕ ಎಂಬುದರ ಸುಳಿವು ಇಲ್ಲೇ ಇದೆ. ಅದರ ಪ್ರತಿ ಅಯಾನು ಮೂರು ತುತ್ತು ಕೇಳುತ್ತದೆ, ಅದನ್ನೂ ಸಾಲಿನ ದೂರದ ತುದಿಯಲ್ಲಿ ಕೂತು ಕೇಳುತ್ತದೆ.

ಅಕ್ಕಸಾಲಿಗರ ಬಿಳಿಗಾರ, ಹಾಲ್‌ನ ಕ್ರಯೋಲೈಟ್

ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಇದ್ದಿಲು ಆಕ್ಸಿಜನ್ನನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಆಕ್ಸಿಜನ್ ಜೊತೆ ಅದರ ನಂಟು ಎಷ್ಟು ಗಟ್ಟಿ ಎಂದರೆ, ಇದ್ದಿಲು ಅದನ್ನು ಬಿಡಿಸಲು 2000 ಡಿಗ್ರಿಗೂ ಹೆಚ್ಚಿನ ಬಿಸಿ ಬೇಕು. ಹಾಗಾಗಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಡೆವಿಲ್, ಪಂಕ್ತಿಯಲ್ಲಿ ಇನ್ನೂ ಹಿಂದಿರುವ ಸೋಡಿಯಂ ಲೋಹವನ್ನು ಬಳಸಿ ಅಲ್ಯೂಮಿನಿಯಂ ಬಿಡಿಸುತ್ತಿದ್ದ. ಒಂದು ದುಬಾರಿ ಲೋಹವನ್ನು ಸುರಿದು ಇನ್ನೊಂದನ್ನು ಪಡೆಯುವ ಈ ಬಾಳು ಬಹಳ ದಿನ ನಡೆಯುವಂಥದ್ದಲ್ಲ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅಲ್ಯೂಮಿನಿಯಂ ಗಟ್ಟಿಗಳನ್ನು ಬೆಲೆಬಾಳುವ ವಸ್ತುವಿನಂತೆ ಇಟ್ಟಿದ್ದರು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಕಳಶವಿಟ್ಟಂತೆ ಇಟ್ಟದ್ದು ಮೂರು ಕಿಲೋಗೂ ಕಡಿಮೆ ತೂಕದ ಅಲ್ಯೂಮಿನಿಯಂ ತುಂಡು.

ವಿದ್ಯುತ್ತಿನಿಂದ ಬಿಡಿಸೋಣವೆಂದರೆ ಇನ್ನೊಂದು ತೊಡಕು. ಬಾಕ್ಸೈಟಿನಿಂದ ಬರುವ ಬಿಳಿ ಪುಡಿ ಅಲ್ಯೂಮಿನಾ ಕರಗುವುದು ಹೆಚ್ಚುಕಡಿಮೆ 2050 ಡಿಗ್ರಿಯಲ್ಲಿ. ಆ ಬಿಸಿಯಲ್ಲಿ ಯಾವ ಪಾತ್ರೆ ನಿಂತೀತು?

ಇಲ್ಲಿ ನಮ್ಮ ಅಕ್ಕಸಾಲಿಗರ ಅಂಗಡಿಗೆ ಒಂದು ಹೆಜ್ಜೆ ಹೋಗಿಬರೋಣ. ಮೂಸೆಯಲ್ಲಿ ಹಳೆ ಚಿನ್ನ ಕರಗಿಸುವಾಗ ಅವರು ಒಂದು ಚಿಟಿಕೆ ಬಿಳಿಗಾರ ಉದುರಿಸುತ್ತಾರೆ. ಬಿಳಿಗಾರ ಮೊದಲು ಅರಳಿನಂತೆ ಉಬ್ಬಿ, ಆಮೇಲೆ ಗಾಜಿನಂತೆ ಕರಗಿ ಚಿನ್ನದ ಮೇಲೆ ಹರಡುತ್ತದೆ. ಚಿನ್ನದಲ್ಲಿದ್ದ ತಾಮ್ರ ಮುಂತಾದವುಗಳ ಆಕ್ಸೈಡ್ ಕಿಟ್ಟ ಅದರೊಳಗೆ ಸೇರಿಹೋಗುತ್ತದೆ, ಕೆಳಗೆ ಚಿನ್ನದ ಕಣ್ಣು ಫಳಫಳ ಬಿಡುತ್ತದೆ. ಗಮನಿಸಿ, ಇಲ್ಲಿ ಎರಡೂ ಬಗೆಯ ಕರಗುವಿಕೆ ಒಟ್ಟಿಗೆ ನಡೆದಿದೆ. ಬಿಳಿಗಾರ ಬೆಣ್ಣೆಯಂತೆ ಕರಗಿತು, ಕಿಟ್ಟ ಅದರಲ್ಲಿ ಸಕ್ಕರೆಯಂತೆ ಕರಗಿತು. ಆ ಕಿಟ್ಟ ತಾನಾಗಿ ಕರಗಲು ಬೇಕಿದ್ದ ಬಿಸಿಯ ಗೊಡವೆಯೇ ಬೇಕಾಗಲಿಲ್ಲ.

ಅಲ್ಯೂಮಿನಾಕ್ಕೆ ಇಂಥದೊಂದು ಬಿಳಿಗಾರ ಬೇಕಿತ್ತು. ಅದು ಕ್ರಯೋಲೈಟ್. ಗ್ರೀನ್‌ಲ್ಯಾಂಡಿನ ಇವಿಟ್ಟುಟ್ ಎಂಬಲ್ಲಿ ಸಿಗುತ್ತಿದ್ದ, ಮಂಜಿನ ಗಡ್ಡೆಯಂತೆ ಕಾಣುವ ಖನಿಜ. ಸೋಡಿಯಂ, ಅಲ್ಯೂಮಿನಿಯಂ, ಫ್ಲೋರಿನ್ ಸೇರಿದ ಉಪ್ಪು. ಸುಮಾರು 1000 ಡಿಗ್ರಿಯಲ್ಲಿ ಕರಗುತ್ತದೆ, ಕರಗಿದ ಮೇಲೆ ಅಲ್ಯೂಮಿನಾವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. 1886ರ ಫೆಬ್ರವರಿ 23ರಂದು ಅಮೆರಿಕದ ಓಬರ್ಲಿನ್ ಎಂಬ ಊರಲ್ಲಿ, 22 ವರ್ಷದ ಚಾರ್ಲ್ಸ್ ಮಾರ್ಟಿನ್ ಹಾಲ್ ಮನೆಗೆ ಹೊಂದಿದ್ದ ಸೌದೆ ಕೊಟ್ಟಿಗೆಯಲ್ಲಿ ಈ ಮಿಶ್ರಣಕ್ಕೆ ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಗುಂಡುಗಳನ್ನು ಪಡೆದ. ರಸಾಯನಶಾಸ್ತ್ರ ಓದಿದ್ದ ಅವನ ಅಕ್ಕ ಜೂಲಿಯಾ ಈ ಕೆಲಸಕ್ಕೆ ಜೊತೆಯಾಗಿದ್ದಳು. ಅದಕ್ಕೂ ಮೊದಲಿನ ಪ್ರಯತ್ನಗಳಲ್ಲಿ ಮಣ್ಣಿನ ಮೂಸೆಯ ಸಿಲಿಕಾ ಕರಗಿ ಕೆಲಸ ಕೆಡಿಸುತ್ತಿತ್ತು. ಪಂಕ್ತಿಯ ಭಾಷೆಯಲ್ಲಿ ಹೇಳುವುದಾದರೆ, ಅಲ್ಯೂಮಿನಿಯಂನ ಮುಂದೆ ಸಿಲಿಕಾನ್ ಬಂದು ಕೂರುತ್ತಿತ್ತು. ಮೂಸೆಯೊಳಗೆ ಇಂಗಾಲದ ಪದರ ಕೊಟ್ಟ ಮೇಲೆ ಲೋಹ ಕೈಗೆ ಬಂತು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ ತರುಣ ತನ್ನ ಪಾಡಿಗೆ ತಾನು ಇದೇ ವಿಧಾನ ಕಂಡುಹಿಡಿದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದೂ ಒಂದೇ ವರ್ಷ, 1914ರಲ್ಲಿ.

ಕ್ರಯೋಲೈಟಿನಲ್ಲಿ ಸೋಡಿಯಂ ಇದೆಯಲ್ಲ, ಅದು ಲೋಹವಾಗಿ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಸೋಡಿಯಂ ಪಂಕ್ತಿಯಲ್ಲಿ ಅಲ್ಯೂಮಿನಿಯಂನ ಹಿಂದೆ ಕೂತಿದೆ. ಮುಂದಿನವನಿಗೆ ಬಡಿಸಿ ಮುಗಿಯುವವರೆಗೆ ಅದರ ಸರದಿ ಬರುವುದಿಲ್ಲ, ಅಲ್ಯೂಮಿನಾ ಸುರಿಯುತ್ತಲೇ ಇರುವುದರಿಂದ ಮುಗಿಯುವುದೂ ಇಲ್ಲ.

ಕುಂಡದೊಳಗೆ ಒಂದು ಇಣುಕು

ಇಂದಿನ ಕಾರ್ಖಾನೆಯ ಒಂದು ಕುಂಡವನ್ನು ಹತ್ತಿರದಿಂದ ನೋಡೋಣ. ಒಳಗೆ ಇಂಗಾಲದ ಹಾಸಿರುವ ದೊಡ್ಡ ಉಕ್ಕಿನ ತೊಟ್ಟಿ. ತಳದಲ್ಲಿ ಕರಗಿದ ಅಲ್ಯೂಮಿನಿಯಂನ ಕೆರೆ, ಅದೇ ಋಣಧ್ರುವ. ಅದರ ಮೇಲೆ ಸುಮಾರು 960 ಡಿಗ್ರಿಯ ಉಪ್ಪು. ಆ ಬಿಸಿಯಲ್ಲಿ ಲೋಹ ಉಪ್ಪಿಗಿಂತ ಒಂದಿಷ್ಟೇ ಭಾರ, ಹಾಗಾಗಿ ಅಡಿಯಲ್ಲಿ ಕೂರುತ್ತದೆ, ಮೇಲಿನ ಗಾಳಿಯಿಂದ ಉಪ್ಪೇ ಅದನ್ನು ಕಾಯುತ್ತದೆ. ಉಪ್ಪಿನೊಳಕ್ಕೆ ಮೇಲಿನಿಂದ ಇಂಗಾಲದ ದಪ್ಪ ದಿಮ್ಮಿಗಳು ಇಳಿದಿವೆ, ಅವು ಧನಧ್ರುವ. ದಿಮ್ಮಿಗೂ ಲೋಹದ ಕೆರೆಗೂ ನಡುವೆ ನಾಲ್ಕೈದು ಸೆಂಟಿಮೀಟರಿನ ಅಂತರ. ಅಲ್ಯೂಮಿನಾದಿಂದ ಬಿಡುಗಡೆಯಾದ ಆಕ್ಸಿಜನ್ ಈ ದಿಮ್ಮಿಯನ್ನೇ ತಿಂದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಕಿಲೋ ಅಲ್ಯೂಮಿನಿಯಂಗೆ ನಾನೂರು ಗ್ರಾಂಗೂ ಮೇಲ್ಪಟ್ಟು ಇಂಗಾಲ ಸವೆಯುತ್ತದೆ.

ಒಂದು ಕುಂಡಕ್ಕೆ ಬೇಕಾದ ವೋಲ್ಟೇಜ್ ಬರೀ ನಾಲ್ಕು ವೋಲ್ಟಿನ ಆಸುಪಾಸು. ಟಾರ್ಚಿನ ಮೂರು ಸೆಲ್ಲುಗಳೇ ಅಷ್ಟು ಕೊಡುತ್ತವೆ. ಆದರೆ ಹರಿಯುವ ವಿದ್ಯುತ್ತು ಲಕ್ಷಗಟ್ಟಲೆ ಆಂಪಿಯರ್. ಮೂರು ಲಕ್ಷ ಆಂಪಿಯರಿನ ಒಂದು ಕುಂಡ ದಿನಕ್ಕೆ ಎಷ್ಟು ಕೊಟ್ಟೀತು ಎಂದು ಫ್ಯಾರಡೆಯ ನಿಯಮದಿಂದ ನೀವೇ ಲೆಕ್ಕಹಾಕಿ ನೋಡಿ. ಸೋರಿಕೆ ಕಳೆದು ಸುಮಾರು 2.3 ಟನ್ ಬರಬೇಕು. ಇಂಥ ನೂರಾರು ಕುಂಡಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದರಿಂದ ಹೊರಬಿದ್ದ ವಿದ್ಯುತ್ತು ಮುಂದಿನದಕ್ಕೆ.

ಕರಗಿದ ಕ್ರಯೋಲೈಟ್ ತೊಟ್ಟಿಯ ಗೋಡೆಯನ್ನೇ ತಿಂದುಹಾಕುವಷ್ಟು ಉಗ್ರ. ಅದಕ್ಕೆ ಮಾಡಿಕೊಂಡ ಉಪಾಯ ಸೊಗಸಾಗಿದೆ. ಗೋಡೆಯ ಹೊರಮೈಯನ್ನು ಬೇಕೆಂದೇ ತಂಪಾಗಿ ಇಡುತ್ತಾರೆ. ಒಳಮೈಯಲ್ಲಿ ಅದೇ ಉಪ್ಪು ಹೆಪ್ಪುಗಟ್ಟಿ ಗೋಡೆಗೆ ಕವಚವಾಗುತ್ತದೆ. ಉಪ್ಪಿನಿಂದ ಗೋಡೆಯನ್ನು ಕಾಯುವುದು ಉಪ್ಪೇ. ಇನ್ನು ಅಲ್ಯೂಮಿನಾ ಪುಡಿ ಸುರಿಯುವುದು ತಡವಾದರೆ ಕುಂಡದ ವೋಲ್ಟೇಜು ಒಮ್ಮೆಲೇ ಇಪ್ಪತ್ತು ಮೂವತ್ತಕ್ಕೆ ಜಿಗಿಯುತ್ತದೆ. ಆಕ್ಸಿಜನ್ ಮುಗಿದಿದೆ, ಈಗ ಉಪ್ಪಿನ ಫ್ಲೋರಿನ್ ಇಂಗಾಲದ ದಿಮ್ಮಿಗೆ ಗಂಟುಬೀಳುತ್ತಿದೆ ಎಂದರ್ಥ. ಹಾಗೆ ಹುಟ್ಟುವ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಬಲವಾಗಿ ಭೂಮಿಯ ಬಿಸಿ ಏರಿಸುವಂಥದ್ದು. ಹಿಂದೆ ಪ್ರತಿ ಕುಂಡಕ್ಕೂ ಒಂದು ಬಲ್ಬ್ ಸಿಕ್ಕಿಸುತ್ತಿದ್ದರು. ನಾಲ್ಕು ವೋಲ್ಟಿಗೆ ಅದು ಉರಿಯದು, ಜಿಗಿತ ಬಂದಾಗ ಝಗ್ಗನೆ ಹೊತ್ತಿಕೊಳ್ಳುವುದು. ಕುಂಡಕ್ಕೆ ಹಸಿವಾಗಿದೆ ಎಂದು ಕೆಲಸಗಾರರಿಗೆ ತಿಳಿಯುತ್ತಿದ್ದುದು ಹಾಗೆ. ಈಗ ಆ ಕಾವಲು ಕಂಪ್ಯೂಟರಿನದು.

ನಿಮ್ಮ ಖರ್ಚಿನ ಪ್ರಶ್ನೆಗೆ ಈಗ ಬರಬಹುದು. ಈ ತೊಟ್ಟಿಯ ಕೆಳಗೆ ಒಲೆಯಿಲ್ಲ. ಉಪ್ಪಿನ ಮೂಲಕ ವಿದ್ಯುತ್ ಹರಿಯುವಾಗ ಎದುರಾಗುವ ಅಡ್ಡಿಯಿಂದಲೇ ಬಿಸಿ ಹುಟ್ಟಿ ಉಪ್ಪು ಕರಗಿದ ಸ್ಥಿತಿಯಲ್ಲಿ ಉಳಿಯುತ್ತದೆ. ಲೋಹ ಬಿಡಿಸಲು ಕನಿಷ್ಠ ಬೇಕಾದದ್ದು ಕಿಲೋಗೆ ಆರು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ನಿಜವಾಗಿ ಖರ್ಚಾಗುವುದು 13ರಿಂದ 15 ಯೂನಿಟ್. ಅಂದರೆ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಸೋರುತ್ತದೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ತಿಂಗಳ ಗರಿಷ್ಠ ಮಿತಿ 200 ಯೂನಿಟ್ ಪೂರ್ತಿ ಸುರಿದರೂ ಹದಿನಾಲ್ಕು ಕಿಲೋದಷ್ಟು ಅಲ್ಯೂಮಿನಿಯಂ ಬಂದೀತು. ವಿದ್ಯುತ್ತು ಕೆಲವು ಗಂಟೆ ಕೈಕೊಟ್ಟರಂತೂ ಕುಂಡವೇ ಕಲ್ಲಾಗಿಬಿಡುತ್ತದೆ, ಅದನ್ನು ಮತ್ತೆ ಎಬ್ಬಿಸುವುದು ದೊಡ್ಡ ತಲೆನೋವು.

ಹಾಗಾಗಿ ಅಲ್ಯೂಮಿನಿಯಂ ಕಾರ್ಖಾನೆಗಳು ಅದಿರಿನ ಬೆನ್ನು ಹತ್ತುವುದಕ್ಕಿಂತ ಹೆಚ್ಚಾಗಿ ವಿದ್ಯುತ್ತಿನ ಬೆನ್ನು ಹತ್ತುತ್ತವೆ. ಬಾಕ್ಸೈಟೇ ಇಲ್ಲದ ಐಸ್‌ಲ್ಯಾಂಡ್ ತನ್ನ ನದಿಗಳ ಮತ್ತು ಭೂಗರ್ಭದ ಬಿಸಿಯ ವಿದ್ಯುತ್ತನ್ನು ನಂಬಿ ಅಲ್ಯೂಮಿನಿಯಂ ಮಾಡುತ್ತದೆ. ನಿಮ್ಮ ಬೆಳಗಾವಿಯ ಕಾರ್ಖಾನೆಯಲ್ಲೂ ಒಂದು ಕಾಲಕ್ಕೆ ಇಂಥ ಕುಂಡಗಳ ಸಾಲಿತ್ತು. ಈಗ ಅಲ್ಲಿ ತಯಾರಾಗುವುದು ಕುಂಡಕ್ಕೆ ಮೊದಲಿನ ಹಂತದ ಬಿಳಿ ಪುಡಿ, ಅಲ್ಯೂಮಿನಾ.

ಬೇರ್ಪಡಿಸುವ ಜರಡಿ

ಇನ್ನು ಎರಡನೆಯ ಸಂಶಯ: ಹಲವು ಲೋಹಗಳು ಬೆರೆತಿದ್ದರೆ ಆರಿಸುವುದು ಹೇಗೆ? ಹಾಲ್ ಕುಂಡದಿಂದ ಬರುವ ಅಲ್ಯೂಮಿನಿಯಂನಲ್ಲಿ ಕಬ್ಬಿಣ, ಸಿಲಿಕಾನ್ ಅಲ್ಪಸ್ವಲ್ಪ ಇದ್ದೇ ಇರುತ್ತವೆ. ಪಾತ್ರೆಗೆ, ಕಿಟಕಿಗೆ ಅದು ಸಾಕು. ಕೆಲವು ವಿದ್ಯುನ್ಮಾನ ಭಾಗಗಳಿಗೆ ಸಾಲದು. ಅಮೆರಿಕದ ವಿಲಿಯಂ ಹೂಪ್ಸ್ ಇದಕ್ಕೆ ಮೂರು ಅಂತಸ್ತಿನ ಕುಂಡ ರೂಪಿಸಿದ. ತಳದ ಅಂತಸ್ತಿನಲ್ಲಿ ಅಶುದ್ಧ ಅಲ್ಯೂಮಿನಿಯಂ, ತೂಕಕ್ಕೆಂದು ಅದರಲ್ಲಿ ತಾಮ್ರ ಬೆರೆಸಿರುತ್ತದೆ. ನಡುವೆ ಕರಗಿದ ಫ್ಲೋರೈಡ್ ಉಪ್ಪು, ಅದನ್ನು ಭಾರ ಮಾಡಲು ಬೇರಿಯಂ ಸೇರಿಸಿರುತ್ತದೆ. ಮೇಲೆ ಹಗುರಾದ ಶುದ್ಧ ಅಲ್ಯೂಮಿನಿಯಂ ತೇಲುತ್ತಿರುತ್ತದೆ. ಮೂರೂ ದ್ರವ, ಮೂರೂ ಎಣ್ಣೆ ನೀರಿನಂತೆ ಬೆರೆಯದೆ ಒಂದರ ಮೇಲೊಂದು ನಿಂತಿವೆ.

ತಳವನ್ನು ಧನಧ್ರುವ, ಮೇಲನ್ನು ಋಣಧ್ರುವ ಮಾಡಿ ವಿದ್ಯುತ್ ಹರಿಸಿದರೆ ಎರಡು ಜರಡಿಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಧನಧ್ರುವದಲ್ಲಿ ಪಂಕ್ತಿ ತಿರುಗುಮುರುಗು, ಅಲ್ಲಿ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಸರದಿ. ಎಲೆಕ್ಟ್ರಾನ್ ಬೇಡ ಎನ್ನುತ್ತಿದ್ದವರೇ ಮೊದಲು ಕೊಟ್ಟು ಎದ್ದುಹೋಗುತ್ತಾರೆ. ಅಲ್ಯೂಮಿನಿಯಂ ಅಯಾನಾಗಿ ಉಪ್ಪಿಗೆ ಜಾರುತ್ತದೆ. ಕಬ್ಬಿಣ, ಸಿಲಿಕಾನ್, ತಾಮ್ರ ತಮ್ಮ ಎಲೆಕ್ಟ್ರಾನನ್ನು ಬಿಗಿಹಿಡಿದು ತಳದಲ್ಲೇ ಉಳಿಯುತ್ತವೆ. ಇದು ಮೊದಲ ಜರಡಿ. ಮೇಲೆ ಋಣಧ್ರುವದಲ್ಲಿ ಅಲ್ಯೂಮಿನಿಯಂ ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ, ಬೇರಿಯಂ ಪಂಕ್ತಿಯ ಹಿಂಬದಿಯವು, ಅವು ಉಪ್ಪಿನಲ್ಲೇ ಉಳಿಯುತ್ತವೆ. ಇದು ಎರಡನೆಯ ಜರಡಿ. ತನಗಿಂತ ಮುಂದಿನವರು ಕೆಳಗೆ, ಹಿಂದಿನವರು ನಡುವೆ ಸಿಕ್ಕಿಕೊಂಡರು, ದಾಟಿ ಬಂದದ್ದು ಅಲ್ಯೂಮಿನಿಯಂ ಒಂದೇ, 99.99 ಪ್ರತಿಶತ ಶುದ್ಧ. ತಾಮ್ರವನ್ನು ನೀರಿನಲ್ಲಿ ಶುದ್ಧ ಮಾಡುವಾಗ ನಡೆಯುವುದೂ ಇದೇ, ಅಲ್ಲಿ ತಳಕ್ಕೆ ಉದುರಿದ ಕೆಸರಿನಲ್ಲಿ ಬೆಳ್ಳಿ ಬಂಗಾರ ಸಿಗುತ್ತವೆ.

ಇದೇ ಜರಡಿಯನ್ನು, ರಿಯಾಕ್ಟರಿನಲ್ಲಿ ಬಳಸಿ ತೆಗೆದ ಅಣು ಇಂಧನಕ್ಕೂ ಹಿಡಿಯುತ್ತಾರೆ. ಇಲ್ಲಿ ಬಳಸುವ ಉಪ್ಪು ಲಿಥಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳ ಮಿಶ್ರಣ. ಬಿಡಿಬಿಡಿಯಾಗಿ ಒಂದು ಕರಗುವುದು 600 ಡಿಗ್ರಿಯ ಮೇಲೆ, ಇನ್ನೊಂದು 770ರಲ್ಲಿ. ಹದವಾಗಿ ಬೆರೆಸಿದರೆ 350ರ ಸುಮಾರಿಗೇ ಕರಗುತ್ತದೆ. ಕುಲ್ಫಿ ಮಾರುವವರು ಮಂಜುಗಡ್ಡೆಗೆ ಉಪ್ಪು ಬೆರೆಸಿದಾಗ ಅದು ಸೊನ್ನೆಗಿಂತ ಕೆಳಗೂ ಕರಗುತ್ತದಲ್ಲ, ಅದರದೇ ಅಣ್ಣತಮ್ಮ ಈ ವಿದ್ಯೆ. ಅಡುಗೆ ಉಪ್ಪಿನಿಂದ ಸೋಡಿಯಂ ತೆಗೆಯುವವರೂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ 801 ಡಿಗ್ರಿಯನ್ನು 600ರ ಹತ್ತಿರಕ್ಕೆ ಇಳಿಸುತ್ತಾರೆ.

ಅಮೆರಿಕದ ಐಡಹೊದಲ್ಲಿ ಇಬಿಆರ್-2 ಎಂಬ ರಿಯಾಕ್ಟರಿನ ಲೋಹ ಇಂಧನವನ್ನು 1996ರಿಂದ ಹೀಗೆ ಸಂಸ್ಕರಿಸುತ್ತಾ ಬಂದಿದ್ದಾರೆ. ಇಂಧನದ ಸರಳುಗಳನ್ನು ತುಂಡರಿಸಿ, ಉಕ್ಕಿನ ಬುಟ್ಟಿಯಲ್ಲಿಟ್ಟು, ಸುಮಾರು 500 ಡಿಗ್ರಿಯ ಉಪ್ಪಿಗೆ ಇಳಿಸುತ್ತಾರೆ. ಬುಟ್ಟಿಯೇ ಧನಧ್ರುವ. ಯುರೇನಿಯಂ ಉಪ್ಪಿಗಿಳಿದು, ಎದುರಿನ ಉಕ್ಕಿನ ಸರಳಿನ ಮೇಲೆ ಮುಳ್ಳುಕಂಟಿಯಂತೆ ಬೆಳೆಯುತ್ತದೆ. ರುಥೇನಿಯಂ, ಮಾಲಿಬ್ಡಿನಂನಂಥ ಬಿಗಿಮುಷ್ಟಿಯವು ಬುಟ್ಟಿಯಲ್ಲೇ ಉಳಿಯುತ್ತವೆ. ಸೀಸಿಯಂ, ಸ್ಟ್ರಾನ್ಷಿಯಂ ಉಪ್ಪಿನಲ್ಲೇ ನಿಲ್ಲುತ್ತವೆ. ನೀರು ಮತ್ತು ಸಾವಯವ ದ್ರಾವಕಗಳು ಬಲವಾದ ವಿಕಿರಣಕ್ಕೆ ಒಡೆದು ಕೆಡುತ್ತವೆ. ಕರಗಿದ ಉಪ್ಪಿನಲ್ಲಿ ಹಾಗೆ ಒಡೆಯಲು ಅಣುಗಳೇ ಇಲ್ಲ, ಮೊದಲೇ ಬಿಡಿಬಿಡಿ ಅಯಾನುಗಳು. ನಮ್ಮ ದೇಶದಲ್ಲಿ ಈ ವಿಧಾನದ ಸಂಶೋಧನೆ ನಡೆಯುವುದು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ.

ಜರಡಿಗೆ ಮಿತಿಯೂ ಇದೆ. ಪಂಕ್ತಿಯಲ್ಲಿ ಭುಜಕ್ಕೆ ಭುಜ ತಾಗಿ ಕೂತವರನ್ನು ಅದು ಬೇರ್ಪಡಿಸಲಾರದು. ವಿದ್ಯುತ್ ಸ್ಕೂಟರಿನ ಮೋಟಾರಿನಲ್ಲಿರುವ ಬಲವಾದ ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಇದಕ್ಕೆ ಉದಾಹರಣೆ. ಲೋಹವಾಗಿ ಅದು ಸಿಗುವುದು ಕರಗಿದ ಫ್ಲೋರೈಡ್ ಉಪ್ಪಿನಿಂದಲೇ, 1000 ಡಿಗ್ರಿಗೂ ಮೇಲಿನ ಬಿಸಿಯಲ್ಲಿ. ಆದರೆ ಅದರ ಒಡಹುಟ್ಟಿದ ವಿರಳ ಭೂಲೋಹಗಳೆಲ್ಲ ಹೆಚ್ಚುಕಡಿಮೆ ಒಂದೇ ವೋಲ್ಟಿಗೆ ಬರುವಂಥವು. ಹಾಗಾಗಿ ಅವನ್ನು ಮೊದಲೇ, ದ್ರಾವಕಗಳಲ್ಲಿ ಮತ್ತೆಮತ್ತೆ ತೊಳೆದು ಬೇರೆಮಾಡಿ, ಆಮೇಲೆ ಉಪ್ಪಿಗೆ ಇಳಿಸಬೇಕು. ಜರಡಿಯ ಕಣ್ಣಿಗಿಂತ ಕಾಳುಗಳ ನಡುವಿನ ಅಂತರ ಸಣ್ಣದಾದರೆ ಯಾರು ತಾನೇ ಏನು ಮಾಡಿಯಾರು?

ಕೊನೆಗೆ ನಿಮ್ಮ ಮನೆಯ ಮೂಲೆಯಲ್ಲಿ ಬಿದ್ದಿರಬಹುದಾದ ಒಂದು ತೂತು ಬಿದ್ದ ಅಲ್ಯೂಮಿನಿಯಂ ಪಾತ್ರೆಯ ಮಾತು. ಅದನ್ನು ಗುಜರಿಯವರು ತೂಗಿ ಒಯ್ದರೆ ಕುಲುಮೆಯಲ್ಲಿ 660 ಡಿಗ್ರಿಯ ಸ್ವಲ್ಪ ಮೇಲೆ ಕಾಯಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅದಕ್ಕೆ ತಗಲುವ ಶಕ್ತಿ, ಅದಿರಿನಿಂದ ಹೊಸ ಅಲ್ಯೂಮಿನಿಯಂ ಮಾಡಲು ಬೇಕಾದದ್ದರ ಸುಮಾರು ಇಪ್ಪತ್ತನೇ ಒಂದು ಭಾಗ. ಉಪ್ಪಿನ ಕುಂಡದಲ್ಲಿ ಪ್ರತಿ ಅಯಾನಿಗೂ ಬಡಿಸಿದ ಮೂರು ಎಲೆಕ್ಟ್ರಾನುಗಳು ಆ ಪಾತ್ರೆಯಲ್ಲಿ ಇನ್ನೂ ಹಾಗೇ ಇವೆ, ಮತ್ತೊಮ್ಮೆ ಬಡಿಸಬೇಕಾಗಿಲ್ಲ. ಅದು ಬೆಣ್ಣೆಯಂತೆ ಕರಗಿದರೆ ಸಾಕು.